ಟೀ ಟ್ರೇ ಹಿಡಿದು ನಿಂತವನು

ಆ ಕೋಣೆಯಲ್ಲಿ ನನ್ನ ತಂಗಿಯ ಮಾತು ಅರ್ಥವಾದದ್ದು ನನಗೊಬ್ಬನಿಗೆ. ಅರ್ಥವಾಯಿತು ಎಂದು ನಾನು ಹೇಳಲಿಲ್ಲ. "ಯಾರಿಗಾದ್ರೂ ಅರ್ಥ ಆಯ್ತಾ?" ಎಂದು ನಮ್ಮ ಆಫೀಸಿನ ಮೇಡಂ ಎಲ್ಲರ ಮುಖ ನೋಡಿ ಕೇಳಿದರು. ಆಗಲೂ ಹೇಳಲಿಲ್ಲ. ಅವಳು ನನ್ನ ಒಡಹುಟ್ಟಿದವಳು ಎಂದೂ ಹೇಳಲಿಲ್ಲ. ಟ್ರೇ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದೆ. ಅದಕ್ಕೂ ಸ್ವಲ್ಪ ಮೊದಲು ಅದೇ ಟ್ರೇಯನ್ನು ಅವಳ ಮುಂದೆ ಚಾಚಿ, "ತಗೊಳ್ಳಿ ಮೇಡಂ" ಎಂದಿದ್ದೆ.

ನಾನು ಮಾಡಿದ್ದು ಇಷ್ಟೇ. ಹೊಡೆಯಲಿಲ್ಲ, ಬೈಯಲಿಲ್ಲ, ಅವಳ ಕೈಯಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಹೊರಗಿನವರು ಕೇಳಿದರೆ ಇದೇನು ಮಹಾ ಎಂದಾರು. ಅದಕ್ಕೇ ಹಿಂದಿನಿಂದ ಹೇಳಿಕೊಂಡು ಬರಬೇಕಾಗಿದೆ. ನಾನು ಏಳನೇ ಕ್ಲಾಸಿನವರೆಗೆ ಓದಿದವನು, ಬರೆಯುವುದು ನಿಧಾನ.

ತಂಗಿ ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಹುಟ್ಟುವಾಗಲೇ ಅವಳ ಮೇಲ್ದುಟಿ ಸೀಳಿತ್ತು, ಒಳಗೆ ಅಂಗುಳವೂ ಸೀಳಿತ್ತು. ತುಟಿಯನ್ನು ಕೂಸಾಗಿದ್ದಾಗಲೇ ಹೊಲಿದರು. ಅಂಗುಳದ ಆಪರೇಷನ್ ಆಗುವ ಹೊತ್ತಿಗೆ ಅವಳು ದೊಡ್ಡವಳಾಗಿದ್ದಳು, ಮಾತು ಅಷ್ಟರಲ್ಲಿ ತನ್ನದೇ ದಾರಿ ಹಿಡಿದಿತ್ತು. ಬಾಯಿಂದ ಬರಬೇಕಾದ ಗಾಳಿ ಮೂಗಿನಿಂದ ಹೋಗುತ್ತದೆ. ಕ, ಪ, ತ, ಸ ಯಾವುದೂ ತನ್ನ ಜಾಗಕ್ಕೆ ಬರುವುದಿಲ್ಲ. ಅವಳು "ಕಾಫಿ ಕುಡೀತೀಯಾ" ಎಂದರೆ ಹೊರಗಿನವರಿಗೆ ಮುಚ್ಚಿದ ಬಾಗಿಲ ಆಚೆ ಯಾರೋ ಗುನುಗಿದಂತೆ ಕೇಳಿಸುತ್ತದೆ. ಮ, ನ, ಣ ಇವು ಮಾತ್ರ ಸ್ವಚ್ಛವಾಗಿ ಬರುತ್ತವೆ, ಏಕೆಂದರೆ ಅವು ಎಲ್ಲರಿಗೂ ಮೂಗಿನಿಂದಲೇ ಬರುವಂಥವು. ಹೀಗಾಗಿ ಅವಳ ಬಾಯಿಂದ ಬಂದರೆ ಯಾರಿಗಾದರೂ ತಿಳಿಯುವ ಮಾತು ಮುಖ್ಯವಾಗಿ ಎರಡು. ಅಮ್ಮ. ಅಣ್ಣ.

ಅವಳ ಮಿಕ್ಕ ಮಾತೆಲ್ಲ ನನಗೆ ಅರ್ಥವಾಗುತ್ತಿತ್ತು. ಕಲಿತದ್ದಲ್ಲ, ಜೊತೆಯಲ್ಲಿ ಬೆಳೆದಿದ್ದರಿಂದ ಬಂದದ್ದು. ಅಮ್ಮನಿಗೆ ಕೂಡ ಕೆಲವೊಮ್ಮೆ ಎರಡು ಸಲ ಹೇಳಬೇಕಾಗುತ್ತಿತ್ತು, ನನಗೆ ಒಂದೇ ಸಲ ಸಾಕಿತ್ತು. ಬೆಂಗಳೂರಿನ ಅಂಚಿನ ನಮ್ಮ ಅಬ್ಬಿಗೆರೆ ಆಗಿನ್ನೂ ಹಳ್ಳಿ. ಅಂಗಡಿಗೆ ಹೋದರೆ ಅವಳು ಹೇಳುವುದು, ನಾನು ಅದನ್ನೇ ಜೋರಾಗಿ ಹೇಳುವುದು. ಜಗಳವಾದರೂ ಹಾಗೆಯೇ. ಅವಳು ಬೈಯುತ್ತಿದ್ದಳು, ಎದುರಿಗಿನವರಿಗೆ ಅದನ್ನು ಮುಟ್ಟಿಸುವ ಕೆಲಸ ನನ್ನದು, ಏಟು ಬೀಳುತ್ತಿದ್ದದ್ದೂ ನನಗೇ. ಬೀದಿಯ ಮಕ್ಕಳು ನನಗೆ 'ಮೈಕು' ಎಂದು ಹೆಸರಿಟ್ಟಿದ್ದರು. ನಾವಿಬ್ಬರೂ ಬರುವುದು ಕಂಡರೆ "ಮೂಗಿ ಬಂದ್ಳು, ಮೈಕೂ ಬಂತು ಕಣ್ರೋ" ಎನ್ನುತ್ತಿದ್ದರು. ಮೊದಮೊದಲು ಅದು ನನಗೂ ತಮಾಷೆಯೇ ಆಗಿತ್ತು.

ಶಾಲೆಯಲ್ಲಿ ಪಾಠ ಒಪ್ಪಿಸುವ ಸರದಿ ಅವಳದಾದಾಗ ಮೇಷ್ಟ್ರು ನಮ್ಮ ಕ್ಲಾಸಿಗೆ ಹೇಳಿ ಕಳಿಸುತ್ತಿದ್ದರು. ನಾನು ಎದ್ದು ಹೋಗಿ ಚಿಕ್ಕವರ ಕ್ಲಾಸಿನಲ್ಲಿ ಅವಳ ಪಕ್ಕ ನಿಂತು, ಅವಳು ಹೇಳಿದ ಪದ್ಯವನ್ನು ಸಾಲು ಸಾಲಾಗಿ ಹೇಳಬೇಕು. ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ನನಗೆ ಮೀಸೆಯ ಗುರುತು ಕಾಣಿಸಿತ್ತು, ನಾಚಿಕೆಯೂ ಬಂದಿತ್ತು. ಆ ವರ್ಷ ಮುಗಿದ ಮೇಲೆ ಶಾಲೆಗೆ ಹೋಗುವುದಿಲ್ಲ ಎಂದೆ. ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದು ಮನೆಯಲ್ಲಿ ಹೇಳಿ, ಯಶವಂತಪುರದಲ್ಲಿ ಒಂದು ವೆಲ್ಡಿಂಗ್ ಅಂಗಡಿಗೆ ಸೇರಿಕೊಂಡೆ. ಮುಂದಿನ ವರ್ಷ ಅವಳೂ ಬಿಟ್ಟಳು. ಅವಳು ಯಾಕೆ ಬಿಟ್ಟಳೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರವನ್ನು ನಾನೇ ಹೇಳಬೇಕಾಗುತ್ತಿತ್ತು.

ಈಗ ಅಪ್ಪ ಇಲ್ಲ. ಮನೆಯಲ್ಲಿ ಅಮ್ಮ, ತಂಗಿ, ನಾನು ಮೂವರೇ. ತಂಗಿ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಹತ್ತಿರದ ಬ್ಲೌಸ್ ಅಂಗಡಿಯಿಂದ ಸೀರೆಗಳು ಬರುತ್ತವೆ, ಇವಳು ಕಿಟಕಿಯ ಕೆಳಗೆ ಕುಳಿತು ಸೆರಗಿನ ದಾರ ಬಿಡಿಸಿ, ಮಣಿ ಪೋಣಿಸಿ, ಗಂಟು ಹಾಕುತ್ತಾಳೆ. ಪಕ್ಕದಲ್ಲಿ ಫೋನಿನಲ್ಲಿ ರೇಡಿಯೊ ಇಡೀ ದಿನ ಮಾತಾಡುತ್ತಿರುತ್ತದೆ. ನಿರೂಪಕಿ ಏನಾದರೂ ಹೇಳಿದರೆ ಇವಳು ಅದಕ್ಕೊಂದು ಎದುರು ಮಾತು ಹೇಳುತ್ತಾಳೆ. ಬಹಳ ಸಲ ಇವಳ ಮಾತೇ ಚೆನ್ನಾಗಿರುತ್ತಿತ್ತು. ನಾನು ನಗುತ್ತಿದ್ದೆ, ಅಮ್ಮ "ಏನಂದ್ಳು?" ಎಂದು ಕೇಳುತ್ತಿದ್ದಳು.

ನಾನು ಕೆಲಸ ಮಾಡುವ ಆಫೀಸು ಇರುವುದು ಆರ್.ಟಿ. ನಗರದಲ್ಲಿ. ಹೊರದೇಶದ ಒಂದು ದತ್ತಿ ಸಂಸ್ಥೆಯದು. ರೇಡಿಯೊ ನಡೆಸುವವರಿಗೆ, ಸಣ್ಣ ಪತ್ರಿಕೆಯವರಿಗೆ, ಸುದ್ದಿ ಮಾಡಲು ಕಲಿಯುವವರಿಗೆ ತರಬೇತಿ ಕೊಡುತ್ತಾರೆ. ಬೇರೆ ಬೇರೆ ದೇಶಗಳಲ್ಲಿ ಇಂಥ ಆಫೀಸುಗಳಿವೆಯಂತೆ. ಬಾಗಿಲು ತೆಗೆಯುವುದು, ಟೀ ಮಾಡುವುದು, ಕುರ್ಚಿ ಜೋಡಿಸುವುದು, ಜೆರಾಕ್ಸ್, ಬ್ಯಾಂಕು, ಕೊರಿಯರ್ ಎಲ್ಲ ನನ್ನದು. ಒಳ್ಳೆಯ ಜನ. ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಾರೆ. ವೆಲ್ಡಿಂಗ್ ಅಂಗಡಿಯಿಂದ ಬಂದವನಿಗೆ ಅದು ಸಣ್ಣ ವಿಷಯವಲ್ಲ. ನಾನು ಬೇರೆಯೇ ಮನುಷ್ಯನಾಗಿದ್ದೇನೆ, ಮೈಕು ಎಲ್ಲೋ ಹಿಂದೆ ಉಳಿದುಹೋಯಿತು ಎಂದುಕೊಂಡಿದ್ದೆ.

ಎಲ್ಲರನ್ನೂ ಒಳಗೊಳ್ಳಬೇಕು ಎನ್ನುವುದು ಆ ಆಫೀಸಿನಲ್ಲಿ ದಿನಕ್ಕೊಮ್ಮೆಯಾದರೂ ಕೇಳುವ ಮಾತು. ಯಾವ ಮಾತುಗಳನ್ನು ಆಡಬಾರದು ಎಂಬ ಪಟ್ಟಿಯೊಂದಿದೆ. ಕುಂಟ, ಕುರುಡ, ಮೂಗ, ಹುಚ್ಚ, ಇನ್ನೂ ಇವೆ. ಅಡುಗೆಮನೆಯ ಗೋಡೆಗೆ ಅದನ್ನು ಟೇಪ್ ಹಾಕಿ ಅಂಟಿಸಿದವನು ನಾನೇ. ಅಂಟಿಸುವಾಗ ಮೂರನೆಯ ಮಾತಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತ್ತು.

ವರ್ಷಕ್ಕೊಮ್ಮೆ ಸಿಬ್ಬಂದಿಗೂ ಈ ವಿಷಯದ ತರಬೇತಿ. ನಿರ್ದೇಶಕರಿಂದ ಹಿಡಿದು ನನ್ನವರೆಗೆ ಎಲ್ಲರೂ ಹಾಲ್‌ನಲ್ಲಿ ಒಂದೇ ಸಾಲಿನಲ್ಲಿ ನಿಲ್ಲಬೇಕು. ಯಾರಿಗೆ ಬದುಕಿನಲ್ಲಿ ಎಷ್ಟು ಅನುಕೂಲ ಸಿಕ್ಕಿದೆ ಎಂದು ಕಣ್ಣಿಗೆ ಕಾಣಲಿ ಎಂದು ತರಬೇತಿ ವಿಭಾಗದ ಮೇಡಂ ಒಂದೊಂದೇ ವಾಕ್ಯ ಓದುತ್ತಾರೆ. ಇಂಗ್ಲಿಷ್ ಮಾತಾಡಲು ಬಂದರೆ ಒಂದು ಹೆಜ್ಜೆ ಮುಂದೆ. ಕಾಲೇಜಿಗೆ ಹೋಗದಿದ್ದರೆ ಒಂದು ಹೆಜ್ಜೆ ಹಿಂದೆ. ನಾನು ಹಿಂದೆ ಹಿಂದೆ ಹೋಗಿ ಬೆನ್ನು ನೀರಿನ ಫಿಲ್ಟರ್ ಮೇಜಿಗೆ ತಾಗಿತು. ಆಗ ಮೇಡಂ ಓದಿದರು: "ನಿಮ್ಮ ಮನೆಯಲ್ಲಿ ವಿಕಲಚೇತನರು ಯಾರಾದರೂ ಇದ್ದರೆ ಒಂದು ಹೆಜ್ಜೆ ಹಿಂದೆ."

ನಾನು ನಿಂತಲ್ಲೇ ನಿಂತೆ. ಹಿಂದೆ ಜಾಗವಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಾರ್ಯಕ್ರಮ ಮುಗಿದ ಮೇಲೆ ನಿರ್ದೇಶಕರು ಬಂದು ನನ್ನ ಕೈ ಕುಲುಕಿ ಏನೋ ಹೇಳಿದರು. ಅವರಿಗೆ ಕನ್ನಡ ಬರುವುದಿಲ್ಲ. "ನಿಮ್ಮ ಅನುಭವ ನಮಗೆ ಮುಖ್ಯ ಅಂತಿದಾರೆ" ಎಂದು ಮೇಡಂ ಹೇಳಿದರು. ಆಮೇಲೆ ನಾನು ಕುರ್ಚಿಗಳನ್ನು ಮಡಚಿಟ್ಟೆ.

ಕಳೆದ ವರ್ಷ ಒಂದು ಹೊಸ ತರಬೇತಿ ಬಂತು. ಉತ್ತರ ಬೆಂಗಳೂರಿನ ಬೀದಿಗಳಿಂದ ಕೆಲವರನ್ನು ಆರಿಸಿ ಮೂರು ತಿಂಗಳು ರೇಡಿಯೊ ವರದಿ ಮಾಡುವುದನ್ನು ಕಲಿಸುವುದು. ಯಾರ ದನಿ ರೇಡಿಯೊದಲ್ಲಿ ಕೇಳಿಸುವುದಿಲ್ಲವೋ ಅಂಥವರೇ ಬೇಕು, ವಿದ್ಯಾರ್ಹತೆ ಬೇಕಿಲ್ಲ, ವಿಕಲಚೇತನರಿಗೆ ಒಂದು ಜಾಗ ಮೀಸಲು. ಆಯ್ಕೆಯ ದಿನ ನಿಮ್ಮ ಬೀದಿಯ ಬಗ್ಗೆ ಮೂರು ನಿಮಿಷ ಮಾತಾಡಿದರೆ ಸಾಕು. ಮಾತಿಗೆ ಸಹಾಯ ಬೇಕಿದ್ದವರು ಮನೆಯವರೊಬ್ಬರನ್ನು ಕರೆತರಬಹುದು ಎಂದೂ ಕರಪತ್ರದಲ್ಲಿ ಇತ್ತು. ಅಬ್ಬಿಗೆರೆಯಲ್ಲಿ ಹಂಚಲು ಮೇಡಂ ನನ್ನ ಕೈಗೇ ಒಂದು ಕಟ್ಟು ಕೊಟ್ಟರು.

ಹಂಚಿದೆ. ಬಸ್ ಸ್ಟಾಪಿನಲ್ಲಿ ಕೊಟ್ಟೆ, ಬೇಕರಿಯಲ್ಲಿ ಇಟ್ಟೆ, ಬ್ಲೌಸ್ ಅಂಗಡಿಯ ಗಾಜಿಗೂ ಒಂದು ಅಂಟಿಸಿದೆ. ಮನೆಗೆ ಮಾತ್ರ ಒಂದನ್ನೂ ಒಯ್ಯಲಿಲ್ಲ. ಮರೆತೆ ಎಂದು ಹೇಳಲಾರೆ. ಮನೆ ಬಾಗಿಲಿಗೆ ಬರುವ ಮೊದಲು ಚೀಲದಲ್ಲಿ ಉಳಿದಿಲ್ಲ ತಾನೇ ಎಂದು ಕೈ ಹಾಕಿ ನೋಡಿಕೊಂಡಿದ್ದೆ.

ಎರಡು ದಿನ ಕಳೆದು ಬ್ಲೌಸ್ ಅಂಗಡಿಯವರು ಸೀರೆಗಳ ಜೊತೆ ಆ ಕರಪತ್ರವನ್ನೂ ಕಳಿಸಿದರು. ಸಂಜೆ ನಾನು ಬಂದಾಗ ತಂಗಿಯ ಮಡಿಲಲ್ಲಿ ಅದಿತ್ತು. ಅವಳ ಮಾತನ್ನು ನನಗೆ ಕೇಳಿಸಿದ ಹಾಗೆಯೇ ಬರೆಯುತ್ತೇನೆ.

"ಅಣ್ಣ, ಇದು ನಿಮ್ಮಾಫೀಸಲ್ವಾ?"

"ಹೂಂ. ಅದು ಆಗಲೇ ತುಂಬೋಯ್ತು ಕಣೇ."

"ಕೊನೇ ದಿನ ಇನ್ನೂ ದೂರ ಇದೆ ಅಂತ ಹಾಕಿದಾರೆ."

"ಹಾಕ್ತಾರೆ. ಒಳಗೆಲ್ಲಾ ಡಿಗ್ರಿ ಆದೋರ್ನೇ ತಗೊಳೋದು."

ಅವಳು ಕರಪತ್ರವನ್ನು ಇನ್ನೊಮ್ಮೆ ಓದಿದಳು. ಓದುವುದರಲ್ಲಿ ನನಗಿಂತ ಚುರುಕು. "ಇಲ್ಲಿ ಓದು ಬೇಡ ಅಂತಿದೆ. ಜೊತೇಲಿ ಮನೆಯೋರು ಬರಬಹುದು ಅಂತಾನೂ ಇದೆ" ಎಂದು ನನ್ನ ಮುಖ ನೋಡಿದಳು. ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅರ್ಜಿಯನ್ನು ಫೋನಿನಲ್ಲೇ ತುಂಬಿ ಕಳಿಸಿದ್ದಳು ಎಂದು ನನಗೆ ತಿಳಿದದ್ದು ಆಯ್ಕೆಯ ದಿನ.

ಅಂದು ಶನಿವಾರ. ಮೇಜಿನ ಆಚೆ ನಿರ್ದೇಶಕರು, ಮೇಡಂ, ರೆಕಾರ್ಡಿಂಗ್ ನೋಡಿಕೊಳ್ಳುವವರು, ಹೊರಗಿನಿಂದ ಬಂದ ಒಬ್ಬ ಹಿರಿಯರು. ಬೆಳಗಿನಿಂದ ಒಬ್ಬೊಬ್ಬರೇ ಬಂದು ಮಾತಾಡಿ ಹೋಗುತ್ತಿದ್ದರು. ನಾನು ಎರಡನೇ ಸುತ್ತಿನ ಟೀ ತೆಗೆದುಕೊಂಡು ಒಳಗೆ ಹೋದಾಗ ಎದುರಿನ ಕುರ್ಚಿಯಲ್ಲಿ ತಂಗಿ ಕುಳಿತಿದ್ದಳು. ಹಬ್ಬಕ್ಕೆ ಉಡುವ ಹಸಿರು ಸೀರೆ, ಸೆರಗಿಗೆ ಅವಳೇ ಕಟ್ಟಿದ ಕುಚ್ಚು. ಅಬ್ಬಿಗೆರೆಯಿಂದ ಎರಡು ಬಸ್ಸು ಹಿಡಿದು ಒಬ್ಬಳೇ ಬಂದಿದ್ದಳು. ಕಂಡಕ್ಟರಿಗೆ ಇಳಿಯುವ ಸ್ಟಾಪಿನ ಹೆಸರು ಬರೆದ ಚೀಟಿ ತೋರಿಸಿ ಟಿಕೆಟ್ ತೆಗೆದುಕೊಂಡಿರಬೇಕು. ಆ ಚೀಟಿ ಇನ್ನೂ ಅವಳ ಕೈಯಲ್ಲಿತ್ತು.

ಅವಳು ನನ್ನನ್ನು ನೋಡಿದಳು. ನಾನು ಟ್ರೇ ಚಾಚಿ, "ತಗೊಳ್ಳಿ ಮೇಡಂ" ಎಂದೆ.

ಅವಳು ಲೋಟ ತೆಗೆದುಕೊಂಡಳು. ಅವಳ ಮುಖ ಹೇಗಿತ್ತೆಂದು ಗೊತ್ತಿಲ್ಲ. ನಾನು ಲೋಟವನ್ನೇ ನೋಡುತ್ತಿದ್ದೆ.

ಮೇಡಂ ಮಾತಾಡಿ ಎಂದರು. ತಂಗಿ ಶುರು ಮಾಡಿದಳು. ಹೆದರಿಕೆಗೆ ಮಾತು ಇನ್ನಷ್ಟು ಮೂಗಿಗೆ ಹತ್ತಿತ್ತು. ಮೇಜಿನ ಆಚೆ ನಾಲ್ವರೂ ಮುಂದಕ್ಕೆ ಬಾಗಿದರು. ನಿರ್ದೇಶಕರು ಮೇಡಂ ಕಡೆ ನೋಡಿದರು, ಇಂಗ್ಲಿಷಿನಲ್ಲಿ ಅವರ ಕಿವಿಗೆ ಹೇಳಲು ಮೇಡಂ ಬಳಿ ಏನೂ ಇರಲಿಲ್ಲ. ಅವಳು ಹೇಳುತ್ತಿದ್ದದ್ದು ಇದು:

"ನಮ್ಮ ಬೀದೀಲಿ ನಲ್ಲಿ ನೀರು ನಿಂತ್ರೆ ಟ್ಯಾಂಕರ್‌ಗೆ ಫೋನ್ ಮಾಡ್ಬೇಕು. ಪಕ್ಕದ ಮನೆ ಆಂಟಿ ಮಾಡಿದ್ರೆ ಅರ್ಧ ಗಂಟೇಲಿ ಬರತ್ತೆ. ನಾನು ಮಾಡಿದ್ರೆ ಟ್ಯಾಂಕರ್‌ನವ್ನು, ಯಾರ್ರೀ ಅದು ಆಟ ಆಡ್ತಿರೋದು ಅಂತ ಕಟ್ ಮಾಡ್ತಾನೆ. ಅವನ ಗಾಡಿ ಹಾರ್ನ್ ಇದ್ಯಲ್ಲ, ಅದೂ ನನ್ ಥರಾನೇ ಮೂಗಲ್ಲೇ ಮಾತಾಡೋದು. ಅದು ಮಾತ್ರ ಇಡೀ ಬೀದಿಗೆ ಅರ್ಥ ಆಗತ್ತೆ. ಎಲ್ರೂ ಬಿಂದಿಗೆ ಹಿಡ್ಕೊಂಡು ಓಡ್ತಾರೆ."

ಹೇಳಿ ಅವಳು ಸ್ವಲ್ಪ ನಿಲ್ಲಿಸಿದಳು. ರೇಡಿಯೊದವರು ನಗುವಿಗೆ ಜಾಗ ಬಿಡುತ್ತಾರಲ್ಲ, ಹಾಗೆ. ಯಾರೂ ನಗಲಿಲ್ಲ. ನನಗೆ ನಗು ಉಕ್ಕಿ ಬಂತು. ಹಲ್ಲು ಕಚ್ಚಿ, ಕೆನ್ನೆ ಬಿಗಿಹಿಡಿದು ತಡೆದುಕೊಂಡೆ. ಟ್ರೇಯಲ್ಲಿ ಉಳಿದಿದ್ದ ಲೋಟಗಳು ಅಲುಗಾಡಿ ಸದ್ದಾಯಿತು.

ಆಗಲೇ ಮೇಡಂ ಕೇಳಿದ್ದು. "ಯಾರಿಗಾದ್ರೂ ಅರ್ಥ ಆಯ್ತಾ?" ಯಾರೂ ಮಾತಾಡಲಿಲ್ಲ. ಮೇಡಂ ತಂಗಿಯ ಕಡೆ ತಿರುಗಿ, "ಬೇಜಾರ್ ಮಾಡ್ಕೋಬೇಡಿ ಅಮ್ಮ. ನಿಮ್ಮ ಜೊತೆ ಮನೆಯವರು ಯಾರಾದ್ರೂ ಬಂದಿದ್ದಾರಾ?" ಎಂದರು.

ಅವಳು "ಅಣ್ಣ" ಎಂದಿದ್ದರೆ ಸಾಕಿತ್ತು. ಆ ಒಂದು ಮಾತು ಆ ಕೋಣೆಯಲ್ಲಿ ಕನ್ನಡ ಬಲ್ಲ ಎಲ್ಲರಿಗೂ ಅರ್ಥವಾಗುತ್ತಿತ್ತು. ಅವಳು ಅದನ್ನು ಆಡಲಿಲ್ಲ. ಇಲ್ಲ ಎಂದು ತಲೆಯಾಡಿಸಿದಳು. ನನ್ನ ಕೆಲಸಕ್ಕೆ, ನನ್ನ ಮರ್ಯಾದೆಗೆ ಏನೂ ಆಗಬಾರದು ಎಂದು ತಾನೇ ಬಾಯಿ ಮುಚ್ಚಿಕೊಂಡಳು. ಟೀ ಕುಡಿಯದೆ ಲೋಟವನ್ನು ಮೇಜಿನ ಮೇಲಿಟ್ಟು, ಕೈ ಮುಗಿದು ಎದ್ದುಹೋದಳು. ನಾನು ಬಾಗಿಲು ತೆರೆದು ಹಿಡಿದಿದ್ದೆ.

ಆಮೇಲೆ ಅವರು ಮಾತಾಡಿಕೊಂಡದ್ದು ಲೋಟ ಎತ್ತುವಾಗ ಕಿವಿಗೆ ಬಿತ್ತು. ಹೊರಗಿನಿಂದ ಬಂದ ಹಿರಿಯರು, "ಪಾಪ, ಆದ್ರೆ ರೇಡಿಯೊಗೆ ಹೇಗ್ರೀ?" ಎಂದರು. ಮೇಡಂ ಬಹಳ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದರು. ಕೊನೆಗೆ ಆ ಮೀಸಲು ಜಾಗ ಊರುಗೋಲು ಹಿಡಿದು ಬಂದಿದ್ದ ಒಬ್ಬರಿಗೆ ಹೋಯಿತು. ಅವರೂ ಚೆನ್ನಾಗಿ ಮಾತಾಡಿದ್ದರು. ಅವರ ಮೇಲೆ ನನಗೆ ಏನೂ ಇಲ್ಲ.

ಸಂಜೆ ಮನೆಗೆ ಹೋಗುವಾಗ ಯಶವಂತಪುರದಲ್ಲಿ ಇಳಿದವನು ಕೂಡಲೇ ಮುಂದಿನ ಬಸ್ಸು ಹತ್ತಲಿಲ್ಲ. ಎರಡು ಸ್ಟಾಪು ಸುಮ್ಮನೆ ನಡೆದೆ. ಅವಳು ಅಳುತ್ತಿರಬಹುದು, ಬೈಯಬಹುದು, ಬೈದರೆ ತೆಗೆದುಕೊಳ್ಳೋಣ ಎಂದು ಲೆಕ್ಕ ಹಾಕಿಕೊಂಡಿದ್ದೆ. ಅವಳು ಹಳೆಯ ಸೀರೆಯಲ್ಲಿ ಕಿಟಕಿಯ ಕೆಳಗೆ ಕುಳಿತು ಕುಚ್ಚು ಕಟ್ಟುತ್ತಿದ್ದಳು. ರೇಡಿಯೊ ಇರಲಿಲ್ಲ. ನನ್ನ ಫೋನು ಸದ್ದು ಮಾಡಿತು. ತೆಗೆದು ನೋಡಿದರೆ ಅವಳದೇ ಮೆಸೇಜು: "ಊಟ ಮುಚ್ಚಿಟ್ಟಿದೆ."

ನಾಲ್ಕು ಅಡಿ ದೂರದಲ್ಲಿ ಕುಳಿತಿದ್ದಳು.

ಅಂದಿನಿಂದ ಅವಳು ನನ್ನ ಜೊತೆ ಬಾಯಿಬಿಟ್ಟು ಮಾತಾಡಲಿಲ್ಲ. ಹೊರಗಿನವರಿಗೆ ಹೇಗೋ ನನಗೂ ಹಾಗೆ, ಎಲ್ಲ ಮೆಸೇಜು. "ಗ್ಯಾಸ್ ಮುಗಿದಿದೆ." "ಅಮ್ಮನ ಮಾತ್ರೆ ತರಬೇಕು." ಅಂಗಡಿಯವನಿಗೂ ಕಂಡಕ್ಟರಿಗೂ ಚೀಟಿ ಕೊಡುವವಳು ನನಗೂ ಚೀಟಿ ಕೊಡತೊಡಗಿದಳು. ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ನನ್ನ ಜೊತೆ ಮಾತ್ರ. ಅದೂ ನಿಂತ ಮೇಲೆ ಆ ಮನೆಯಲ್ಲಿ ಅವಳ ದನಿಯೇ ಇಲ್ಲವಾಯಿತು. ಅವಳ ಮೆಸೇಜು ಓದುವಾಗ ನಾನು ತುಟಿ ಅಲ್ಲಾಡಿಸಿ ಓದುತ್ತೇನೆ, ನನ್ನ ಓದು ಅಂಥದು. ಅವಳ ಮಾತನ್ನು ಮತ್ತೆ ನನ್ನ ಬಾಯಲ್ಲೇ ಆಡುತ್ತಿದ್ದೆ, ಕೇಳುವವರು ಯಾರೂ ಇರಲಿಲ್ಲ.

ಅಮ್ಮನಿಗೆ ಇದರ ಕಾರಣ ತಿಳಿಯಲಿಲ್ಲ. "ಏನ್ಲಾ ನಿಮ್ದು? ಒಂದೇ ಮನೇಲಿ ಕುಂತ್ಕಂಡು ಆ ಪೋನ್ ಒತ್ತಾಡ್ತೀರಿ. ಇಂಗೇ ಆದ್ರೆ ನಂಗೂ ಒಂದ್ ಪೋನ್ ಕೊಡ್ಸು, ನಾನೂ ಅದ್ರಾಗೇ ಬಯ್ತೀನಿ" ಎಂದಳು. ತಂಗಿ ನಗಲಿಲ್ಲ, ನಾನೂ ನಗಲಿಲ್ಲ.

ಹೀಗೆ ಮೂರು ವಾರ ಕಳೆದವು. ಒಂದು ಬೆಳಗ್ಗೆ ಆಫೀಸಿನಲ್ಲಿ ಟೀ ಪುಡಿಯನ್ನೇ ಹಾಕದೆ ಹಾಲು ಸಕ್ಕರೆ ಕುದಿಸಿ ಇಳಿಸಿದೆ. ಮಧ್ಯಾಹ್ನದ ಅಡುಗೆ ಮಾಡುವವರನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತೇವೆ. ಆರ್.ಟಿ. ನಗರದವರೇ, ನನಗಿಂತ ಹಿರಿಯರು. ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಏನ್ ಭಾಯ್, ಆಫೀಸಲ್ಲಿ ಯಾರಿಗಾದ್ರೂ ಮಗು ಆಗಿದ್ಯಾ? ಹಾಲು ಕಾಯಿಸಿದೀರಲ್ಲ."

ನಾನು ಟೀ ಪುಡಿಯ ಡಬ್ಬಿ ಇಳಿಸಿದೆ.

"ಹಸಿರು ಸೀರೆಯೋರು ಬಂದು ಹೋದಾಗಿಂದ ನೀವು ಹಿಂಗೇ ಇದೀರಿ. ನಾನು ನೋಡ್ತಾನೇ ಇದೀನಿ. ಯಾರವ್ರು?"

"ನಮ್ ತಂಗಿ" ಎಂದೆ. ಆ ಆಫೀಸಿನಲ್ಲಿ ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು. ಒಂದು ಸಲ ಬಂದ ಮೇಲೆ ಮಿಕ್ಕದ್ದೂ ಬಂತು. ಟ್ರೇ, "ತಗೊಳ್ಳಿ ಮೇಡಂ", ಅವಳು ತಲೆಯಾಡಿಸಿದ್ದು, ಎಲ್ಲ.

ಆಪಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದರು. ಗೋಡೆಯ ಮೇಲಿದ್ದ ಪಟ್ಟಿಯ ಕಡೆ ಚಾಕುವಿನ ತುದಿ ತೋರಿಸಿ, "ಇದ್ರಲ್ಲಿರೋ ಯಾವ ಮಾತೂ ನೀವು ಆಡಿಲ್ಲ ಬಿಡಿ. ಮೇಡಂ ಅಂದಿದೀರಿ. ಅದು ಈ ಲಿಸ್ಟಲ್ಲಿ ಇಲ್ಲ" ಎಂದರು. ಚಾಕು ಕೆಳಗಿಳಿಸಿ, "ನನ್ ಮುಂದೆ ಅತ್ತು ಏನ್ ಮಾಡ್ತೀರಾ ಭಾಯ್, ಮೇಲೆ ಹೋಗಿ ಹೇಳಿ" ಎಂದು ಮತ್ತೆ ಈರುಳ್ಳಿ ಎತ್ತಿಕೊಂಡರು.

ಮೇಲೆ ಹೋದೆ. ಮೇಡಂ ಒಬ್ಬರೇ ಇದ್ದರು. ನಿಂತೇ ಹೇಳಿದೆ, ಕೂರಿ ಎಂದರೂ ಕೂರಲಿಲ್ಲ. ಕೇಳಿ ಅವರ ಮುಖ ಬಿಗಿಯಿತು. ಬೈಯುತ್ತಾರೆ ಎಂದುಕೊಂಡೆ.

"ನೀವು ಹೇಳಿದ್ದಿದ್ರೆ ಆ ಸೀಟು ಅವರಿಗೇ ಹೋಗ್ತಿತ್ತೇನೋ" ಎಂದರು. "ಆದ್ರೆ ತಪ್ಪು ನಿಮ್ಮೊಬ್ಬರದೇ ಅಂತ ನಾನು ಹೇಳಲ್ಲ. ನಮ್ಮ ಡೈರೆಕ್ಟರ್‌ಗೆ ಒಂದಕ್ಷರ ಕನ್ನಡ ಬರಲ್ಲ. ದಿನಾ ನಾನು ಪಕ್ಕದಲ್ಲಿ ಕೂತು ಹೇಳ್ತೀನಿ. ಅವರನ್ನ ನೋಡಿ ಯಾರೂ ಪಾಪ ಅನ್ನಲ್ಲ. ನಿಮ್ಮ ತಂಗಿಗೆ ಹಂಗೊಬ್ಬರನ್ನ ಹುಡುಕೋಣ, ಇನ್ನೊಂದಿನ ಕರೆಯೋಣ ಅಂತ ನನಗೂ ಹೊಳೀಲಿಲ್ಲ. ಜೊತೆಗೆ ಕರ್ಕೊಂಡ್ ಬನ್ನಿ ಅಂತ ಬರೆದ್ವಿ, ಅಷ್ಟಕ್ಕೆ ನಮ್ ಕೆಲಸ ಆಯ್ತು ಅನ್ಕೊಂಡ್ವಿ."

ಅವರು ಹಾಗೆ ಹೇಳಿದ್ದರಿಂದ ನನಗೆ ಹಗುರವಾಗಲಿಲ್ಲ. ಬೈದಿದ್ದರೆ ಆಗುತ್ತಿತ್ತೇನೋ.

ಸೀಟು ತುಂಬಿಹೋಗಿತ್ತು, ಅದನ್ನು ಈಗ ತೆಗೆದುಕೊಡಲು ಆಗುವುದಿಲ್ಲ ಎಂದು ಮೇಡಂ ನೇರವಾಗಿ ಹೇಳಿದರು. ಆದರೆ ಆ ಮೂರು ನಿಮಿಷವನ್ನು ಕೇಳದೆ ಬಿಟ್ಟದ್ದು ಸರಿಯಲ್ಲ. ನಿಮ್ಮ ತಂಗಿ ಬಂದರೆ ರೆಕಾರ್ಡ್ ಮಾಡೋಣ, ಚೆನ್ನಾಗಿದ್ದರೆ ಮುಂದಿನ ತಂಡಕ್ಕೆ ಅದನ್ನೇ ಆಯ್ಕೆಯ ಮಾತು ಎಂದು ಇಟ್ಟುಕೊಳ್ಳೋಣ ಎಂದರು. "ನೀವು ಪಕ್ಕದಲ್ಲಿ ಕೂತು ಹೇಳ್ಬೇಕು. ಒಂದೇ ರೂಲ್. ಅವರು 'ನಾನು' ಅಂದ್ರೆ ನೀವೂ 'ನಾನು' ಅನ್ಬೇಕು. ಸೇರಿಸೋ ಹಂಗಿಲ್ಲ, ಬಿಡೋ ಹಂಗಿಲ್ಲ, ತಿದ್ದೋ ಹಂಗಿಲ್ಲ."

ಮನೆಗೆ ಹೋಗಿ ತಂಗಿಗೆ ಬಾಯಲ್ಲೇ ಹೇಳಿದೆ. ಅವಳು ಕೇಳಿಸಿಕೊಂಡು ಫೋನು ಎತ್ತಿಕೊಂಡಳು. "ಈಗ ಅಲ್ಲಿ ನಿನ್ನ ನೋಡೋರು ಯಾರೂ ಇಲ್ವಾ?" ಎಂದು ಬಂತು. ಎಲ್ಲರೂ ಇರುತ್ತಾರೆ ಎಂದೆ. ಅರ್ಧ ಗಂಟೆ ಬಿಟ್ಟು ಇನ್ನೊಂದು: "ನಿನಗೋಸ್ಕರ ಬರಲ್ಲ. ಟ್ಯಾಂಕರ್ ಕತೆಗೋಸ್ಕರ ಬರ್ತೀನಿ."

ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಅವಳು ಹೆಂಗಸರ ಸೀಟಿನಲ್ಲಿ ಕುಳಿತು ಚೀಟಿ ತೋರಿಸಿ ತನ್ನ ಟಿಕೆಟ್ ತಾನೇ ತೆಗೆದುಕೊಂಡಳು. ಆಫೀಸಿನ ಬಾಗಿಲಲ್ಲಿ ಆಪಾ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಂದು ಟೀ ಮಾಡಿದ್ದು ಆಪಾ.

ರೆಕಾರ್ಡಿಂಗ್ ಕೋಣೆ ಚಿಕ್ಕದು, ಗೋಡೆಗೆಲ್ಲ ಸ್ಪಂಜು. ಮೇಜಿನ ಮೇಲೆ ಎರಡು ಮೈಕು. ಗಾಜಿನ ಆಚೆ ಮೇಡಂ, ಅವರ ಪಕ್ಕ ನಿರ್ದೇಶಕರು, ಮಷೀನು ನೋಡುವವರು. ಪ್ರತಿ ದಿನ ಆ ಮೇಜು ಒರೆಸುವವನು ನಾನು, ಆ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು. ಕೆಂಪು ದೀಪ ಹತ್ತಿತು.

ತಂಗಿ ಒಂದು ವಾಕ್ಯ ಹೇಳುವಳು, ನಾನು ಹೇಳುವೆನು. ಮೂರು ವಾರದ ಮೇಲೆ ಅವಳ ದನಿ ಕೇಳುತ್ತಿದ್ದೆ. ಒಂದೇ ಒಂದು ಮಾತೂ ತಪ್ಪಲಿಲ್ಲ. ಹಾರ್ನಿನ ಮಾತು ಬಂದಾಗ ಗಾಜಿನ ಆಚೆ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ನಿರ್ದೇಶಕರ ಕಿವಿಗೆ ಹೇಳಿದರು, ಅರೆಕ್ಷಣ ಬಿಟ್ಟು ಅವರೂ ನಕ್ಕರು. ತಂಗಿ ಅವರನ್ನು ನೋಡಿದಳು. ಹೊರಗಿನವರು ತನ್ನ ಮಾತಿಗೆ ನಕ್ಕದ್ದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ನಕ್ಕದ್ದು ಅವಳ ದನಿಗಲ್ಲ, ಮಾತಿಗೆ.

ಟ್ಯಾಂಕರ್ ಕತೆ ಅಲ್ಲಿಗೆ ಮುಗಿಯಬೇಕಿತ್ತು. ಅವಳು ಮುಗಿಸಲಿಲ್ಲ.

"ಹೋದ ತಿಂಗಳು ಈ ಕತೇನ ಇಲ್ಲೇ ಹೇಳಿದ್ದೆ. ಯಾರೂ ನಗಲಿಲ್ಲ" ಎಂದಳು.

ಹೇಳಿದೆ.

"ನನ್ ಮಾತು ಅರ್ಥ ಆಗೋನು ಒಬ್ಬ ಆ ರೂಮಲ್ಲಿ ಇದ್ದ."

"ನನ್ ಮಾತು ಅರ್ಥ ಆಗೋನು ಒಬ್ಬ ಆ ರೂಮಲ್ಲಿ ಇದ್ದ" ಎಂದೆ.

"ನಮ್ಮಣ್ಣ."

ಅದನ್ನು ನಾನು ಹೇಳುವ ಮೊದಲೇ ಗಾಜಿನ ಆಚೆ ಮೇಡಂ ತಲೆ ಎತ್ತಿದ್ದರು. ಅವರಿಗೆ ನನ್ನ ಸಹಾಯ ಬೇಕಾಗಿರಲಿಲ್ಲ. ಆದರೂ ರೂಲ್ ಪ್ರಕಾರ ಹೇಳಿದೆ. ನಮ್ಮಣ್ಣ.

"ಟೀ ಕೊಟ್ಟು, ತಗೊಳ್ಳಿ ಮೇಡಂ ಅಂದ. ನಾನು ಕುಡೀಲಿಲ್ಲ."

ಆ ಎರಡು ವಾಕ್ಯವನ್ನೂ ಹೇಳಿದೆ. ಸೇರಿಸಲಿಲ್ಲ, ಬಿಡಲಿಲ್ಲ, ತಿದ್ದಲಿಲ್ಲ. ಅವಳು ಇಷ್ಟೇ ಎನ್ನುವಂತೆ ಕೈಯನ್ನು ಮೇಜಿನ ಮೇಲಿಟ್ಟು ಹಿಂದಕ್ಕೆ ಒರಗಿದಳು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಮೇಡಂ ಮಷೀನು ನಿಲ್ಲಿಸಲು ಹೇಳಲಿಲ್ಲ. ಅವಳ ಮಾತು ಮುಗಿದಿತ್ತು, ಹೇಳಲು ಉಳಿದದ್ದು ನನ್ನದು ಮಾತ್ರ. ಮೈಕಿನ ಕಡೆಯಿಂದ ತಿರುಗಿ ಅವಳ ಮುಖ ನೋಡಿದೆ.

"ಪುಟ್ಟಿ, ತಪ್ಪಾಯ್ತು ಕಣಮ್ಮ" ಎಂದೆ. "ಆವತ್ತು ನಂಗೆ ಎಲ್ಲಾ ಅರ್ಥ ಆಗಿತ್ತು. ಹಾರ್ನ್ ಮಾತಿಗೆ ನಗು ಬಂತು, ನುಂಗ್ಕೊಂಡೆ. ಇಸ್ಕೂಲ್ ಬಿಟ್ಟಿದ್ದೂ ಲೆಕ್ಕ ಬರ್ದೆ ಅಲ್ಲ. ನಿನ್ ಮೈಕು ಅನ್ನಿಸ್ಕೊಳೋಕೆ ನಾಚ್ಕೆಯಾಗಿ ಬಿಟ್ಟೆ, ನಿನ್ ಓದೂ ಬಿಡಿಸ್ದೆ. ಎರಡು ಸಲಾನೂ ನಿನ್ ಮಾತು ನನ್ ಬಾಯಲ್ಲೇ ಇತ್ತು, ನಾನು ಬಾಯ್ ಮುಚ್ಕೊಂಡೆ. ನನ್ನ ಕ್ಷಮಿಸ್ಬಿಡು."